ಬ್ಲಾಕ್ ಬದಲಾದರೆ ಕಾರು ಬದಲಾಯಿತೇ?



ರೊಟ್ಟಿ ಸುಟ್ಟು ಮುಗಿಸಿ, ಇನ್ನೂ ಹೊಗೆಯಾಡುತ್ತಿರುವ ಬೀಡಿನ ಹಂಚಿನ ಮೇಲೆ ಚೊಂಬು ತಣ್ಣೀರು ಸುರಿದರೆ ಏನಾದೀತು? ನಾನು ಹೇಳಬೇಕಾಗಿಲ್ಲ. ‘ಟಣ್’ ಎಂದು ಒಂದೇ ಸದ್ದು, ಹಂಚು ಎರಡು ಹೋಳು! ಇಷ್ಟು ನಿಮಗೆ ಗೊತ್ತಿದ್ದರೆ ಈ ಸಲದ ಮಾತಿನಲ್ಲಿ ಅರ್ಧ ಆಗಲೇ ತಿಳಿದಂತಾಯಿತು. ಏಕೆಂದರೆ ಹಳೆಯ ಕಾರುಗಳ ಎಂಜಿನ್ ಬ್ಲಾಕ್ ಎಂಬುದೂ ಬೀಡು ಕಬ್ಬಿಣದ ಎರಕವೇ.

“ಉಪ್ಪಿನಕಾಯಿ, ಹಪ್ಪಳ ಬಿಟ್ಟು ಈಕೆ ಎಂಜಿನ್ನಿಗೆ ಕೈ ಹಾಕಿದಳಲ್ಲ” ಎಂದು ಮೂಗು ಮುರಿಯಬೇಡಿ. ನಮ್ಮ ಮನೆಯವರದು ಕೂಡ್ಲಿಗಿಯಲ್ಲಿ ಸಣ್ಣ ಲೇತ್ ಅಂಗಡಿ. ಇಪ್ಪತ್ತು ವರ್ಷ ಅಲ್ಲಿಗೆ ಚಹಾ ಒಯ್ದು ಕೊಡುತ್ತಾ ನಿಂತವಳಿಗೆ ನಾಲ್ಕು ಮಾತು ಕಿವಿಗೆ ಬೀಳದೆ ಇರುತ್ತದೆಯೇ? ಅದಲ್ಲದೆ, ಮನೆಯಲ್ಲಿ ಕಾರು ಕೆಟ್ಟಿತೆಂದರೆ ಖರ್ಚಾಗುವುದು ಶೇಂಗಾ ಮಾರಿದ ದುಡ್ಡು. ಮುಂದಕ್ಕೆ ಹೋಗುವುದು ಮಗಳ ಫೀಸು. ದುಡ್ಡಿನ ಡಬ್ಬಿ ನಮ್ಮ ಕೈಯಲ್ಲಿದ್ದ ಮೇಲೆ ನಾಲ್ಕು ಪ್ರಶ್ನೆ ಕೇಳುವ ಹಕ್ಕೂ ನಮಗಿದೆ.

ಬ್ಲಾಕ್ ಎಂದರೇನು?

ಎಂಜಿನ್ನನ್ನು ಒಂದು ಮನೆ ಎಂದುಕೊಳ್ಳಿ. ಬ್ಲಾಕ್ ಅದರ ಗೋಡೆ, ಕಂಬ. ಅದರೊಳಗೆ ಸಾಲಾಗಿ ನಾಲ್ಕು ದುಂಡನೆಯ ಬಾವಿಗಳು, ಅವೇ ಸಿಲಿಂಡರುಗಳು. ಒಂದೊಂದು ಬಾವಿಯಲ್ಲಿ ಒಂದೊಂದು ಪಿಸ್ಟನ್ ಒನಕೆಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ಕೆಳಗೆ ಕ್ರ್ಯಾಂಕ್ ಎಂಬ ಡೊಂಕು ದಂಡ ಆ ಆಟವನ್ನು ತಿರುಗಾಟವಾಗಿ ಮಾಡಿ ಗಾಲಿಗೆ ಕೊಡುತ್ತದೆ. ಮೇಲೆ ಮುಚ್ಚಳದಂತೆ ಹೆಡ್. ಹೆಡ್ಡಿಗೂ ಬ್ಲಾಕಿಗೂ ನಡುವೆ, ಕುಕ್ಕರಿನಲ್ಲಿ ಇರುವಂತೆ, ಗ್ಯಾಸ್ಕೆಟ್. ಬಾವಿಗಳ ಸುತ್ತ ಗೋಡೆಯೊಳಗೇ ನೀರು ಹರಿಯುವ ಹಾದಿಯಿದೆ. ಆ ನೀರು ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗಿ, ಆರಿಸಿಕೊಂಡು ಮತ್ತೆ ಬರುತ್ತದೆ.

ನೀರು ಕಡಿಮೆಯಾದರೆ ಬ್ಲಾಕ್ ಕಾಯುತ್ತದೆ. ಕಾದ ಬ್ಲಾಕಿಗೆ ತಣ್ಣೀರು ಸುರಿದರೆ ಒಂದು ಕಡೆ ಸಟ್ಟನೆ ಕುಗ್ಗುತ್ತದೆ, ಮತ್ತೊಂದು ಕಡೆ ಹಿಗ್ಗಿಯೇ ಇರುತ್ತದೆ. ಆಗ ಸೀಳು ಬಿಡುತ್ತದೆ. ನಮ್ಮ ಹಂಚಿನ ಕಥೆಯೇ.

ಅಂಬಾಸಿಡರ್ ಮತ್ತು ಓಟದ ಕಾರು

ನಮ್ಮ ಸೀಮೆಯಲ್ಲಿ ಹಳೆಯ ಕಾರು ಎಂದರೆ ಅಂಬಾಸಿಡರ್ ತಾನೆ? ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ 1950ರ ದಶಕದ ಕೊನೆಯಿಂದ 2014ರವರೆಗೆ ಇದನ್ನು ತಯಾರಿಸಿತು. ಮೂಲದಲ್ಲಿ ಇದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಅದರಲ್ಲಿ ಬಹುಕಾಲ ಕೂತಿದ್ದ ಪೆಟ್ರೋಲ್ ಎಂಜಿನ್ 1489 ಸಿ.ಸಿ.ಯದು, ‘ಬಿ ಸೀರೀಸ್’ ಎಂದು ಅದರ ಮನೆತನದ ಹೆಸರು.

ಈಗ ಒಂದು ತಮಾಷೆ ಕೇಳಿ. ಇಂಗ್ಲೆಂಡಿನ ಅಬಿಂಗ್‌ಡನ್ ಎಂಬ ಊರಿನಲ್ಲಿ 1955ರಲ್ಲಿ ಎಂ.ಜಿ.ಎ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಹೊರಬಂದಿತು. ಎರಡೇ ಸೀಟು, ತೆರೆದ ಮೈ, ಸಿನಿಮಾದ ನಾಯಕ ಸ್ಕಾರ್ಫ್ ಹಾರಿಸುತ್ತಾ ಓಡಿಸುವಂಥದು. ಅದರ ಹೊಟ್ಟೆಯಲ್ಲಿದ್ದುದೂ ಇದೇ ಮನೆತನದ 1489 ಸಿ.ಸಿ. ಎಂಜಿನ್ನೇ! ಬಾವಿಯ ಅಗಲ ಎರಡರಲ್ಲೂ ಸುಮಾರು 73 ಮಿಲಿಮೀಟರ್, ಪಿಸ್ಟನ್ನಿನ ಓಟ ಸುಮಾರು 89 ಮಿಲಿಮೀಟರ್. ಓಟದ ಕಾರಿಗೆ ಕಾರ್ಬುರೇಟರ್ ಎರಡು, ಹೆಡ್ಡಿನ ಕೆಲಸ ಬೇರೆ, ಆದ್ದರಿಂದ ಬಲ ಹೆಚ್ಚು. 1962ರಲ್ಲಿ ಬಂದ ಎಂ.ಜಿ.ಬಿ. ಕಾರಿಗೆ ಇದೇ ವಂಶದ ಎಂಜಿನ್ನನ್ನು 1798 ಸಿ.ಸಿ.ಗೆ ಹಿಗ್ಗಿಸಿದರು. ಒಂದೇ ತಾಯಿಯ ಮಕ್ಕಳು. ಒಬ್ಬಾಕೆ ಹೊಲಕ್ಕೆ ಬುತ್ತಿ ಹೊತ್ತಳು, ಇನ್ನೊಬ್ಬಾಕೆ ನಾಟಕದ ಕಂಪನಿ ಸೇರಿದಳು, ಅಷ್ಟೆ. ಹಾಗೆಂದು ಒಂದರ ಬ್ಲಾಕ್ ಇನ್ನೊಂದಕ್ಕೆ ಕಣ್ಣು ಮುಚ್ಚಿ ಕೂಡಿಸಲು ಬರುವುದಿಲ್ಲ. ಹಿಂದಿನ ತಗಡು, ಬೋಲ್ಟಿನ ತೂತು, ಸ್ಟಾರ್ಟರ್ ಕೂರುವ ಜಾಗ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬೇಕು.

ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿರುತ್ತೀರಿ. ಅಂಥ ಕಾರಾಗಲಿ, ಲಂಡನ್ನಿನ ಎಂ.ಜಿ. ಆಗಲಿ, ಹಡಗಲಿಯ ಮದುವೆ ದಿಬ್ಬಣದ ಅಂಬಾಸಿಡರ್ ಆಗಲಿ, ಬ್ಲಾಕ್ ಸೀಳಿದರೆ ಮೆಕ್ಯಾನಿಕ್ ಮಾಡುವ ಕೆಲಸ ಒಂದೇ ಬಗೆಯದು.

ನಮ್ಮ ನಾದಿನಿಯ ಪ್ರಶ್ನೆ

ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ನಾದಿನಿ ಇದ್ದಾಳೆ. ಅವಳ ಯಜಮಾನರು ತೀರಿಕೊಂಡು ಆರು ವರ್ಷ. ಅವರು ಬಿಟ್ಟುಹೋದದ್ದರಲ್ಲಿ 1984ರ ಒಂದು ಬಿಳಿ ಅಂಬಾಸಿಡರ್ ಕೂಡ ಉಂಟು. ಹೋದ ವರ್ಷ ಕೊಟ್ಟೂರು ತೇರಿಗೆ ಹೊರಟಾಗ ದಾರಿಯಲ್ಲಿ ಎಂಜಿನ್ ಕುದಿಯಿತು. ಬಾಡಿಗೆಗೆ ಕರೆದಿದ್ದ ಡ್ರೈವರ್ ಅವಸರದಲ್ಲಿ ಕೊಡಗಟ್ಟಲೆ ಬೋರಿನ ನೀರು ಸುರಿದ. ತೇರು ನೋಡುವುದು ದೂರ ಉಳಿಯಿತು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬರಬೇಕಾಯಿತು.

ಹೆಡ್ ಬಿಚ್ಚಿ ನೋಡಿದಾಗ ಎರಡನೆಯ ಮತ್ತು ಮೂರನೆಯ ಬಾವಿಯ ನಡುವೆ ಸೀಳು. ಮಗ ಬೆಂಗಳೂರಿನಿಂದ ಫೋನ್ ಮಾಡಿ, “ಗುಜರಿಗೆ ಹಾಕಿಬಿಡವ್ವಾ” ಎಂದ. ವರ್ಕ್‌ಶಾಪಿನವರು, “ಬೇರೆ ಬ್ಲಾಕ್ ಹಾಕಿದರೆ ಓಡ್ತೈತಿ” ಎಂದರು. ಅವಳು ನನ್ನ ಬಳಿ ಬಂದು ಕೇಳಿದ್ದು ಬೇರೆಯೇ.

“ಅತ್ತಿಗೆ, ಅವರು ಓಡಿಸಿದ ಎಂಜಿನ್ನು ಅದು. ಸದ್ದು ಕೇಳಿದ್ರ ಸಾಕು, ಬೀದಿ ತಿರುವಿನ್ಯಾಗ ಬಂದ್ರು ಅಂತ ಒಲಿ ಮ್ಯಾಲೆ ಎಸರು ಇಡ್ತಿದ್ದೆ. ಅದನ್ನ ಬಿಚ್ಚಿ ಒಗೆದ್ರ ಆ ಕಾರಿನ್ಯಾಗ ಅವರದು ಅನ್ನೋದು ಏನುಳೀತೈತಿ?”

ಈ ಪ್ರಶ್ನೆಗೆ ಲೇತ್ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ ಎಂದು ನೀವು ಅಂದುಕೊಳ್ಳಬಹುದು. ಆದರೆ ಸಿಕ್ಕಿತು.

ಮೊದಲು ನೋಡಬೇಕಾದದ್ದು

ಸೀಳಿದ ಬ್ಲಾಕೆಲ್ಲ ಸತ್ತಿತು ಎಂದಲ್ಲ. ನೀರಿನ ಹಾದಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿದರೆ ಎಲ್ಲಿ ಗುಳ್ಳೆ ಬರುತ್ತದೋ ಅಲ್ಲಿ ಸೀಳು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆ. ಹೊರಗೋಡೆಯ ಸೀಳಾದರೆ ತೂತು ಕೊರೆದು, ಒಂದರ ಪಕ್ಕ ಒಂದು ಲೋಹದ ಮೊಳೆ ತಿರುಗಿಸಿ, ಬೆಂಕಿ ಸೋಕಿಸದೆ ಹೊಲಿಯುವ ವಿದ್ಯೆ ಇದೆ. ನಿಜಕ್ಕೂ ಅದು ಹೊಲಿಗೆಯೇ. ಬಾವಿಯ ಗೋಡೆ ಮಾತ್ರ ಕೆಟ್ಟಿದ್ದರೆ ಒಳಗೆ ಸ್ಲೀವ್, ಅಂದರೆ ತೆಳುವಾದ ಉಕ್ಕಿನ ಅಥವಾ ಬೀಡಿನ ಕೊಳವೆ, ಕೂಡಿಸಬಹುದು. ಬಾವಿ ಬರೀ ಸವೆದಿದ್ದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿದರೆ ಸಾಕು. ಮೆಕ್ಯಾನಿಕರು ‘ಇಪ್ಪತ್ತು, ಮೂವತ್ತು, ನಲವತ್ತು’ ಎನ್ನುವುದು ಇದನ್ನೇ. ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತು ಪಾಲು ಅಗಲ ಎಂದು ಅರ್ಥ. ಅದು ಅರ್ಧ ಮಿಲಿಮೀಟರ್.

ನಾದಿನಿಯ ಕಾರಿನ ಬ್ಲಾಕನ್ನು ಹಿಂದೆ ಎರಡು ಸಲ ಬೋರ್ ಮಾಡಿ, ಆಮೇಲೆ ಸ್ಲೀವನ್ನೂ ಹಾಕಿಸಿ ಆಗಿತ್ತು. ಸೀಳು ಬೋಲ್ಟಿನ ತೂತಿನವರೆಗೂ ಇಳಿದಿತ್ತು. ಹೊಲಿಯಲು ಗಟ್ಟಿ ಅಂಚು ಉಳಿದಿರಲಿಲ್ಲ. ಹರಿದ ಸೀರೆಗೆ ತೇಪೆ ಹಾಕಬಹುದು, ತೇಪೆಗೇ ತೇಪೆ ಹಾಕಲಾದೀತೆ? ಬೇರೆ ಬ್ಲಾಕೇ ದಾರಿ ಎಂದಾಯಿತು.

ನಂಬರಿನ ವಿಚಾರ

ಮೊದಲು ಒಬ್ಬ ದಲ್ಲಾಳಿ ಬಹಳ ಅಗ್ಗಕ್ಕೆ ಒಂದು ಬ್ಲಾಕ್ ತಂದ. ನೋಡಲು ಚೆನ್ನಾಗಿಯೇ ಇತ್ತು. ಆದರೆ ನಂಬರ್ ಇರಬೇಕಾದ ಜಾಗ ಅರ ಹಾಕಿ ಉಜ್ಜಿ ನುಣ್ಣಗಾಗಿತ್ತು. “ಇದರ ನಂಬರ್ ಎಲ್ಲಿ? ರಸೀದಿ ಎಲ್ಲಿ?” ಎಂದು ಕೇಳಿದೆ. “ಅದೆಲ್ಲ ಯಾರು ನೋಡ್ತಾರಕ್ಕಾ?” ಎಂದ. ಅವನನ್ನು ಚಹಾ ಕೊಟ್ಟು ಕಳಿಸಿದೆವು, ಬ್ಲಾಕ್ ಸಮೇತ.

ಸೋದರಿಯರೇ, ಯಾರು ನೋಡುತ್ತಾರೆ ಗೊತ್ತೆ? ಆರ್.ಸಿ. ಪುಸ್ತಕದಲ್ಲಿ ಚಾಸಿ ನಂಬರಿನ ಜೊತೆಗೆ ಎಂಜಿನ್ ನಂಬರೂ ಇರುತ್ತದೆ. ಬ್ಲಾಕ್ ಬದಲಾದರೆ ಆ ನಂಬರೂ ಬದಲಾದಂತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಿಸಿದವರು 14 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಸಿಕೊಳ್ಳಬೇಕು. ನಮ್ಮ ಕಡೆಯವರಿಗೆ ಅದು ಕೆ.ಎ. 35, ಹೊಸಪೇಟೆಯ ಆರ್.ಟಿ.ಒ. ಕಚೇರಿ. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗಬೇಕಲ್ಲ, ಆಗ ನಂಬರ್ ತಾಳೆಯಾಗದಿದ್ದರೆ ಕಷ್ಟ. ಅಪಘಾತವಾಗಿ ವಿಮೆ ಕೇಳಲು ಹೋದರೂ ತಕರಾರು ಬರಬಹುದು. ಕದ್ದ ಗಾಡಿಯ ಬ್ಲಾಕಾಗಿದ್ದರಂತೂ ಪೊಲೀಸರು ಬಾಗಿಲಿಗೆ ಬರುತ್ತಾರೆ. ಅಗ್ಗದ ಮಾಲು ಕಡೆಗೆ ದುಬಾರಿಯೇ.

ಇನ್ನೂ ಒಂದು ಮಾತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರುಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರ ನಿಯಮ ತಂದಿದೆ. ಕಾರು ಮೂಲರೂಪದಲ್ಲೇ ಇರಬೇಕು. ಚಾಸಿ, ಮೈ, ಎಂಜಿನ್ನುಗಳನ್ನು ಹೆಚ್ಚಾಗಿ ಮಾರ್ಪಡಿಸಿರಬಾರದು ಎಂಬುದು ಅದರ ಷರತ್ತು. ಅಜ್ಜನ ಕಾಲದ ಕಾರು ನಿಮ್ಮ ಮನೆಯಲ್ಲಿದ್ದರೆ, ಬೇರೆ ಜಾತಿಯ ಎಂಜಿನ್ ಕೂಡಿಸುವ ಮೊದಲು ಇದನ್ನು ನೆನೆಯಿರಿ. ಡೀಸೆಲ್ ಅಗ್ಗ ಎಂದು ಹಿಂದೆ ಎಷ್ಟೋ ಮಂದಿ ಪೆಟ್ರೋಲ್ ಅಂಬಾಸಿಡರಿನ ಎಂಜಿನ್ ಕಿತ್ತು ಬೇರೆಯದನ್ನು ಹಾಕಿಸಿದರು. ಓಡಲು ಅಡ್ಡಿಯಿಲ್ಲ, ಆದರೆ ಅದು ಮೂಲದ ಕಾರಾಗಿ ಉಳಿಯುವುದಿಲ್ಲ.

ಕೊನೆಗೆ ದಾವಣಗೆರೆಯಲ್ಲಿ ಗುಜರಿಗೆ ಬಿದ್ದ ಇನ್ನೊಂದು ಅಂಬಾಸಿಡರಿನ ಬ್ಲಾಕ್ ಸಿಕ್ಕಿತು. ಅದೇ 1489 ಸಿ.ಸಿ. ಪೆಟ್ರೋಲ್, ನಂಬರ್ ಸ್ಪಷ್ಟ. ಆ ಕಾರಿನ ಆರ್.ಸಿ. ನಕಲು, ನಂಬರ್ ಬರೆದ ರಸೀದಿ ಎರಡನ್ನೂ ಕೊಟ್ಟರು. ದುಡ್ಡು ಸ್ವಲ್ಪ ಹೆಚ್ಚೇ ಆಯಿತು. ನಾದಿನಿ ಎರಡು ಚೀಲ ಶೇಂಗಾ ಹೆಚ್ಚಿಗೆ ಮಾರಿದಳು.

ಕೂಡಿಸುವ ಬಗೆ

ಇಡೀ ಎಂಜಿನ್ ಒಂದೂವರೆ ಕ್ವಿಂಟಲ್ ಆಸುಪಾಸು ತೂಗುತ್ತದೆ. ಬ್ಯಾಟರಿ ಬಿಚ್ಚಿ, ನೀರು ಮತ್ತು ಆಯಿಲ್ ಇಳಿಸಿ, ಬಾನೆಟ್, ರೇಡಿಯೇಟರ್ ತೆಗೆದು, ಚೈನ್ ಪುಲ್ಲಿ ಹಾಕಿ ಎತ್ತುತ್ತಾರೆ. ಬೇವಿನ ಕೊಂಬೆಗೆ ನೇತು ಹಾಕುವವರೂ ಇದ್ದಾರೆ. ಆ ಹೊತ್ತಿನಲ್ಲಿ ಮಕ್ಕಳನ್ನು ಹತ್ತಿರ ಬಿಡಬೇಡಿ, ನೀವೂ ಕೆಳಗೆ ಬಗ್ಗಬೇಡಿ.

ಬಿಚ್ಚಿದ ಸಾಮಾನು ಕಲೆಸಿಹೋಗದಂತೆ ಇಡುವುದು ಅರ್ಧ ಕೆಲಸ. ವಾಲ್ವ್ ಎತ್ತುವ ಪುಷ್ ರಾಡುಗಳು ಎಂಟು. ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು, ಏಕೆಂದರೆ ಒಂದಕ್ಕೊಂದು ಹೊಂದಿ ಸವೆದಿರುತ್ತವೆ. ರಟ್ಟಿನ ಹಾಳೆಗೆ ಎಂಟು ತೂತು ಮಾಡಿ, ನಂಬರ್ ಹಾಕಿ, ಅದರಲ್ಲಿ ಸಿಕ್ಕಿಸಿಟ್ಟೆವು. ನಟ್ಟು, ವಾಷರುಗಳಿಗೆ ನನ್ನ ಹಳೆಯ ಪಡ್ಡಿನ ಹಂಚು ಕೊಟ್ಟೆ. ಒಂದೊಂದು ಗುಳಿಗೆ ಒಂದೊಂದು ಬಗೆ. (ಸೀಮೆಎಣ್ಣೆ ತಾಗಿದ ಹಂಚನ್ನು ಮತ್ತೆ ಒಲೆಗೆ ತರಬೇಡಿ!)

ಬಂದ ಬ್ಲಾಕನ್ನು ಮೊದಲು ತೊಳೆಯಬೇಕು. ಹೊರಗಲ್ಲ, ಒಳಗೆ. ಆಯಿಲ್ ಹರಿಯುವ ಸಣ್ಣ ಸಣ್ಣ ಹಾದಿಗಳಲ್ಲಿ ಕಸ ಉಳಿದರೆ ಹೊಸ ಬೇರಿಂಗ್ ಅಲ್ಲೇ ಕೆಡುತ್ತದೆ. ಬೋರ್ ಮಾಡುವ ಮೊದಲು ಪಿಸ್ಟನ್ ತಂದು ಕೈಗೆ ಕೊಡಬೇಕು. ಪಿಸ್ಟನ್ ಅಳತೆಗೆ ಬಾವಿ ಕೊರೆಯಬೇಕೇ ಹೊರತು ಅಂದಾಜಿಗಲ್ಲ. ರವಿಕೆ ಹೊಲಿಯುವವಳು ಮೈ ಅಳತೆ ತೆಗೆದುಕೊಳ್ಳದೆ ಕತ್ತರಿ ಹಾಕುತ್ತಾಳೆಯೇ?

ಕ್ರ್ಯಾಂಕನ್ನು ಹಿಡಿದಿಡುವ ಮೂರು ಮೇನ್ ಬೇರಿಂಗ್ ಕ್ಯಾಪುಗಳಿವೆ. ಅವು ಆ ಬ್ಲಾಕಿನವೇ ಆಗಿರಬೇಕು. ಕ್ಯಾಪನ್ನೂ ಬ್ಲಾಕನ್ನೂ ಜೋಡಿಸಿಯೇ ಕಾರ್ಖಾನೆಯಲ್ಲಿ ಕೊರೆದಿರುತ್ತಾರೆ. ಬೀಸುವ ಕಲ್ಲಿನ ಮೇಲಿನ ಕಲ್ಲು ಒಂದು ಮನೆಯದು, ಕೆಳಗಿನದು ಇನ್ನೊಂದು ಮನೆಯದು ಆದರೆ ಹಿಟ್ಟು ಹೇಗೆ ಬಂದೀತು? ಒಂದೊಂದು ಕ್ಯಾಪ್ ಬಿಗಿದಾಗಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡುತ್ತಾರೆ. ಎಲ್ಲಿ ಬಿಗಿಯಾಯಿತೋ ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು.

ಹೆಡ್ ಕೂಡಿಸುವಾಗ ಹೊಸ ಗ್ಯಾಸ್ಕೆಟ್ಟೇ ಆಗಬೇಕು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕಲ್ಲದೆ ಸುತ್ತು ಸುತ್ತಾಗಿ, ಅಳತೆಯ ಸ್ಪ್ಯಾನರಿನಲ್ಲಿ ಬಿಗಿಯಬೇಕು. ಜೋಳದ ರೊಟ್ಟಿ ತಟ್ಟುವಾಗ ನಾವು ನಡುವಿನಿಂದ ಅಂಚಿಗೆ ಹೋಗುವುದಿಲ್ಲವೇ? ಅಂಚಿನಿಂದ ಶುರುಮಾಡಿದರೆ ನಡು ಉಬ್ಬುತ್ತದೆ.

ನಾದಿನಿಗೆ ಸಿಕ್ಕ ಉತ್ತರ

ಕೂಡಿಸುವ ದಿನ ನಾದಿನಿಯನ್ನೂ ಕರೆಸಿದ್ದೆವು. ಅವಳ ಕಣ್ಣೆದುರಿಗೇ ಹಳೆಯ ಬ್ಲಾಕಿನಿಂದ ತೆಗೆದ ಕ್ರ್ಯಾಂಕನ್ನು ಅಳೆದು, ಪಾಲಿಶ್ ಮಾಡಿ ಹೊಸ ಬ್ಲಾಕಿನಲ್ಲಿ ಮಲಗಿಸಿದರು. ಅದೇ ಹಳೆಯ ಹೆಡ್, ಅದೇ ರಾಕರ್, ಅದೇ ಕಾರ್ಬುರೇಟರ್, ರಟ್ಟಿನಲ್ಲಿ ಸಿಕ್ಕಿಸಿದ್ದ ಅವೇ ಎಂಟು ಪುಷ್ ರಾಡುಗಳು. ನಮ್ಮ ಮನೆಯವರು ಹೆಚ್ಚು ಮಾತಾಡುವವರಲ್ಲ. “ನೋಡವ್ವಾ ತಂಗಿ, ಗೋಡೆ ಅಷ್ಟೇ ಹೊಸದು. ಒಳಗಿನ ಸಂಸಾರ ಎಲ್ಲಾ ಅವರದೇ” ಎಂದರು.

ಅವಳು ಏನೂ ಅನ್ನಲಿಲ್ಲ. ಪಡ್ಡಿನ ಹಂಚಿನಿಂದ ಒಂದೊಂದೇ ನಟ್ಟು ಎತ್ತಿ ಕೊಡುತ್ತಾ ಸಂಜೆಯವರೆಗೂ ಕೂತಳು. ಮೂರನೆಯ ಸಲಕ್ಕೆ ಎಂಜಿನ್ ಹೊತ್ತಿಕೊಂಡಿತು. ಸದ್ದು ಮೊದಲಿನಷ್ಟು ಗಡಸಿರಲಿಲ್ಲ, ಸ್ವಲ್ಪ ಮೆತ್ತಗಿತ್ತು. “ಅವರು ಹೊಸದಾಗಿ ತಂದಾಗ ಹಿಂಗ ಇತ್ತು ಅತ್ತಿಗೆ” ಎಂದಳು. ಮಾರುವ ಮಾತು ಅಲ್ಲಿಗೆ ನಿಂತಿತು. ಹನ್ನೊಂದನೆಯ ದಿನ ಹೊಸಪೇಟೆಗೆ ಅದೇ ಕಾರಿನಲ್ಲಿ ಹೋಗಿ ಕಾಗದ ಕೊಟ್ಟು ಬಂದಳು. ವಿಮೆಯವರಿಗೂ ಹೊಸ ನಂಬರ್ ತಿಳಿಸಿದಳು.

ನೀವು ನೆನಪಿಡಬೇಕಾದದ್ದು

1. ನಮ್ಮ ಕಡೆಯ ಬೋರಿನ ನೀರು ಗಡಸು. ಸ್ನಾನದ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುವುದನ್ನು ದಿನಾ ನೋಡುತ್ತೀರಿ. ಅದೇ ಹಕ್ಕಳೆ ಬ್ಲಾಕಿನ ನೀರಿನ ಹಾದಿಯಲ್ಲೂ ಕಟ್ಟಿ ಬಿಸಿ ಹೊರಗೆ ಹೋಗದಂತೆ ಮಾಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಕೂಲೆಂಟ್ ಬೆರೆಸಿ ರೇಡಿಯೇಟರಿಗೆ ಹಾಕಿಸಿರಿ. ಕೂಲೆಂಟ್ ತುಕ್ಕನ್ನೂ ತಡೆಯುತ್ತದೆ.

2. ಎಂಜಿನ್ ಕುದಿದರೆ ನೆರಳಿನಲ್ಲಿ ನಿಲ್ಲಿಸಿ, ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಆರಲು ಬಿಡಿ. ರೇಡಿಯೇಟರ್ ಮುಚ್ಚಳ ಕುಕ್ಕರಿನಂತೆ ಒತ್ತಡ ಹಿಡಿದಿರುತ್ತದೆ. ಬಿಸಿಯಿದ್ದಾಗ ತೆಗೆದರೆ ಮುಖ ಬೆಂದೀತು. ಆರಿದ ಮೇಲೆ ದಪ್ಪ ಬಟ್ಟೆ ಹಿಡಿದು ಮೆಲ್ಲಗೆ ತಿರುಗಿಸಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಮನೆಯ ಗಂಡಸರಿಗೂ, ಬಾಡಿಗೆ ಡ್ರೈವರಿಗೂ ಇದನ್ನು ಹೇಳಿಟ್ಟಿರಿ.

3. “ಬ್ಲಾಕ್ ಹೋಗಿದೆ” ಎಂದರೆ, “ಸೀಳು ಎಲ್ಲಿದೆ ತೋರಿಸಿ, ಗಾಳಿ ತುಂಬಿ ನೋಡಿದ್ದೀರಾ, ಸ್ಲೀವ್ ಆಗುವುದಿಲ್ಲವೇ?” ಎಂದು ಕೇಳಿ. ಕೇಳಿದ್ದಕ್ಕೆ ಒಳ್ಳೆಯ ಮೆಕ್ಯಾನಿಕ್ ಸಿಟ್ಟಾಗುವುದಿಲ್ಲ.

4. ನಂಬರಿಲ್ಲದ, ರಸೀದಿಯಿಲ್ಲದ ಬ್ಲಾಕನ್ನು ಬಿಟ್ಟಿ ಕೊಟ್ಟರೂ ಮನೆಯೊಳಗೆ ತರಬೇಡಿ.

5. ಹೊಸದಾಗಿ ಕೂಡಿಸಿದ ಎಂಜಿನ್ ಹಸಿ ಬಾಣಂತಿಯ ಹಾಗೆ. ಮೊದಲ 800 ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು, ಭಾರ ಹೇರಬಾರದು. ಆಮೇಲೆ ಆಯಿಲ್ ಬದಲಿಸಿ, ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ನೋಡಿಸಬೇಕು.

ನಿಮ್ಮ ಮನೆಯಂಗಳದಲ್ಲೂ ಗೋಣಿತಾಟು ಹೊದ್ದು ನಿಂತ ಹಳೆಯ ಕಾರೋ, ಜೀಪೋ, ಮೋಟಾರ್ ಸೈಕಲ್ಲೋ ಇದ್ದರೆ ಅದರ ಕಥೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕಾರು, ಎಂಜಿನ್ ಏನೂ ಇಲ್ಲ. ಮಂಡಕ್ಕಿ ಒಗ್ಗರಣೆ ಮೆತ್ತಗಾಗದೆ ಗರಿಗರಿಯಾಗಿ ಉಳಿಯುವುದು ಹೇಗೆಂದು ಹೇಳುತ್ತೇನೆ. ಬರಲೇ?